ಮಂಗಳಗೌರಿಯ ಮಂಗಳವಾರಗಳು

ತಲೆ ಮುಂದಕ್ಕೆ ವಾಲದಂತೆ ನೀಲಕಂಠ ಅಕ್ಕನ ಗಲ್ಲದ ಕೆಳಗಿಂದ ಬಿಳಿ ಬಟ್ಟೆ ಹಾಯಿಸಿ ಗೋಡೆಯ ಮೊಳೆಗೆ ಬಿಗಿದ. ಸಿದ್ದಗಂಗಯ್ಯ ಹೆಂಡತಿಯ ಹಣೆಗೆ ವಿಭೂತಿ ಬಳಿದು, ಅವಳ ಹುಬ್ಬಿನ ಮೇಲೆ ಉದುರಿದ ಬೂದಿಯನ್ನು ಒರೆಸಿದ. ಮನೆತನದ ಪದ್ಧತಿಯಂತೆ ಮಂಗಳಗೌರಿಯನ್ನು ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಿಸಿದ್ದರು. ಹಿಂದಿನ ದಿನ ಮಧ್ಯಾಹ್ನ, ಮಾಗಡಿ ಬಸ್‌ಸ್ಟ್ಯಾಂಡಿನ ಹತ್ತಿರದ ತಮ್ಮ ಹೋಟೆಲಿನಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಎದೆ ಹಿಡಿದುಕೊಂಡು ಕುಸಿದಿದ್ದಳು. ಆಸ್ಪತ್ರೆ ಸೇರುವ ಮೊದಲೇ ಎಲ್ಲ ಮುಗಿದಿತ್ತು. ಅವಳಿಗಿನ್ನೂ ಅರವತ್ತು ತುಂಬಿರಲಿಲ್ಲ.

"ಅವ್ವ ಇಷ್ಟೊತ್ತು ಒಂದೇ ಕಡೆ ಕೂತಿದ್ದನ್ನ ನಾನು ನೋಡೇ ಇಲ್ಲ," ಅಂದಳು ಮಗಳು ಐಶ್ವರ್ಯ. ಕನಕಪುರದ ಗಂಡನ ಮನೆಯಿಂದ ರಾತ್ರಿಯೇ ಬಂದಿದ್ದ ಅವಳ ಕಣ್ಣು ಊದಿಕೊಂಡಿದ್ದವು.

ಮೂವತ್ತನಾಲ್ಕು ವರ್ಷ ಮಂಗಳಗೌರಿ ಬೆಳಗಿನ ಜಾವ ನಾಲ್ಕಕ್ಕೆ ಒಲೆ ಹೊತ್ತಿಸಿದರೆ, ಅವಳ ಊಟ ಮಧ್ಯಾಹ್ನ ಮೂರೂವರೆಗೆ. ಅದೂ ನಿಂತುಕೊಂಡೇ, ಪಾತ್ರೆಯ ಮುಚ್ಚಳಕ್ಕೆ ತಳದ ಅನ್ನ ಬಳಿದುಕೊಂಡು.

ನೀಲಕಂಠ ಭಾವನ ಪಕ್ಕಕ್ಕೆ ಬಂದು ಕುಕ್ಕರುಗಾಲಲ್ಲಿ ಕೂತ. ಮೂರನೇ ದಿನದ ಹಾಲುತುಪ್ಪಕ್ಕೆ ಅಡಿಗೆಯವರಿಗೆ ಹೇಳಬೇಕಿತ್ತು.

"ಭಾವ, ಎಡೆಗೆ ಏನ್ ಮಾಡ್ಸಾನ? ಅಕ್ಕಂಗೆ ಏನ್ ಇಷ್ಟ ಇತ್ತು?"

ಕೋರ್ಟಿನ ಗುಮಾಸ್ತರಿಗೆ ಚಟ್ನಿ ಗಟ್ಟಿ ಇರಬೇಕು, ಬಳೆ ಅಂಗಡಿಯವನಿಗೆ ದೋಸೆ ಕೆಂಪಗಾಗಬೇಕು ಅನ್ನುವುದೆಲ್ಲ ಸಿದ್ದಗಂಗಯ್ಯನಿಗೆ ಬಾಯಿಪಾಠ. ಈ ಪ್ರಶ್ನೆಗೆ ಮಾತ್ರ ಏನೂ ಹೊಳೆಯಲಿಲ್ಲ. ಅವನು ಮಗಳ ಮುಖ ನೋಡಿದ. ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು, ಅವ್ವ ಮಿಕ್ಕಿದ್ದನ್ನು ತಿನ್ನುತ್ತಿದ್ದಳು, ಅಷ್ಟೇ ತನಗೆ ಗೊತ್ತು ಅಂದಳು.

ಹತ್ತೂವರೆ ಸುಮಾರಿಗೆ ಬುರ್ಖಾ ತೊಟ್ಟ ಹೆಂಗಸೊಬ್ಬಳು ಗೇಟಿನ ಬಳಿ ಬಂದು, ಒಳಗೆ ಬರಲೋ ಬೇಡವೋ ಎಂಬಂತೆ ನಿಂತಳು. ಅವಳ ಕೈಯಲ್ಲಿ ಮಲ್ಲಿಗೆಯ ಪೊಟ್ಟಣವಿತ್ತು. ಐಶ್ವರ್ಯ ಅವಳನ್ನು ಒಳಗೆ ಕರೆದಳು. ಬೆಳಿಗ್ಗೆ ಅವ್ವನ ಫೋನಿಗೆ ಕರೆ ಮಾಡಿ, "ಅಕ್ಕ, ಎಲ್ಲಿದೀರಾ, ನಾನು ಮೆಜೆಸ್ಟಿಕ್‌ನಲ್ಲಿ ಕಾಯ್ತಾ ಇದೀನಿ" ಎಂದವಳು ಇವಳೇ; ಸಾವಿನ ಸುದ್ದಿಯನ್ನು ಅವಳಿಗೆ ಹೇಳಿದ್ದು ಐಶ್ವರ್ಯ. ಹೆಸರು ನಾಹಿದಾ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸ. ಮೂರು ವರ್ಷದ ಹಿಂದೆ ಬೆಂಗಳೂರಿನ ಕಣ್ಣಾಸ್ಪತ್ರೆಯ ಸಾಲಿನಲ್ಲಿ ಮಂಗಳಗೌರಿಯ ಪರಿಚಯವಾಗಿತ್ತು. ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರಿಗೂ ಕಣ್ಣಿನ ತಪಾಸಣೆ.

ಸಿದ್ದಗಂಗಯ್ಯ ತಲೆಯಾಡಿಸಿದ. ಮಂಗಳವಾರ ಹೋಟೆಲಿಗೆ ರಜೆ. ತಿಂಗಳ ಮೊದಲ ಮಂಗಳವಾರ ಹೆಂಡತಿ ಕಣ್ಣು ತೋರಿಸಲು ಬೆಂಗಳೂರಿಗೆ ಹೋಗುತ್ತಿದ್ದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಜೊತೆಗೆ ಯಾರೂ ಬೇಡ ಅನ್ನುತ್ತಿದ್ದಳು. ಇವತ್ತು ಅಂಥದೇ ಮಂಗಳವಾರ.

ನಾಹಿದಾ ಹೂವನ್ನು ಮಂಗಳಗೌರಿಯ ಮಡಿಲಲ್ಲಿಟ್ಟು, ಸ್ವಲ್ಪ ಹೊತ್ತು ಅವಳ ಪಾದ ಹಿಡಿದು ಕೂತಳು. ಆಮೇಲೆ ಸಿದ್ದಗಂಗಯ್ಯನ ಕಡೆ ತಿರುಗಿದಳು.

"ಅಣ್ಣ, ಅಕ್ಕನ ಮುಂದೆ ಕೂತು ಸುಳ್ಳು ಹೇಳಕಾಗಲ್ಲ. ಕಣ್ಣಾಸ್ಪತ್ರೆಗೆ ನಾವು ಹೋಯ್ತಿದ್ದಿದ್ದು ವರ್ಸಕ್ಕೆ ಎರಡೇ ಸಲ. ಮಿಕ್ಕ ತಿಂಗಳೆಲ್ಲ ಊಟಕ್ಕೆ ಹೋಯ್ತಿದ್ವಿ."



*

ಮೊದಲ ಸಲ ಹಸಿವಾಗಿ ಆಸ್ಪತ್ರೆಯೆದುರಿನ ದರ್ಶಿನಿಗೆ ಹೋಗಿದ್ದರಂತೆ. ಅಲ್ಲಿ ನಿಂತು ತಿನ್ನಬೇಕು ಎಂದು ಗೊತ್ತಾದಾಗ ಮಂಗಳಗೌರಿ, ನಿಲ್ಲುವುದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ನಕ್ಕು ಹೊರಬಿದ್ದಿದ್ದಳು. ಅಂದಿನಿಂದ ಕೂತು ತಿನ್ನುವ ಹೋಟೆಲುಗಳೇ ಆದವು. ಆಂಧ್ರದವರ ಬಾಳೆಲೆ ಊಟ, ಮಲಯಾಳಿಗಳ ಪುಟ್ಟು ಕಡಲೆ, ಪಂಜಾಬಿಯ ಅಂಗಡಿಯಲ್ಲಿ ಪೂರಿಗಿಂತ ದೊಡ್ಡ ಭಟೂರೆ, ಟಿಬೆಟಿನ ಹುಡುಗಿಯೊಬ್ಬಳು ಮಾಡುತ್ತಿದ್ದ ಎಲೆಕೋಸು ತುಂಬಿದ ಕಡುಬಿನಂಥ ಮೊಮೊ. ಮಂಗಳಗೌರಿ ಮೊಟ್ಟೆಯನ್ನೂ ಮುಟ್ಟದವಳು. ಹಾಗಾಗಿ ಆ ದಿನ ನಾಹಿದಾಳದೂ ಸಸ್ಯಾಹಾರವೇ.

ಚಿಕ್ಕಪೇಟೆಯ ಸಂದಿಯೊಂದರ ಮಹಡಿ ಮೇಲೆ ಮಾರ್ವಾಡಿ ಊಟದ ಹೋಟೆಲಿತ್ತು. ಅಲ್ಲಿ ಬಡಿಸುವವನು ಮೊದಲು ಚೊಂಬಿನಿಂದ ಕೈಗೆ ನೀರು ಹಾಕಿದ. ಅವನು ಫುಲ್ಕಾ ಹೊತ್ತು ಬಂದಾಗ ಮಂಗಳಗೌರಿ ಅರ್ಧ ಎದ್ದು, ಅವನ ಕೈಯಿಂದ ತಟ್ಟೆ ಇಸಿದುಕೊಳ್ಳಲು ಹೋದಳು. ಕೂತ್ಕೊಳ್ಳಿ ಅಮ್ಮ, ಅದು ನನ್ನ ಕೆಲಸ ಅಂದ ಅವನು. ಅವಳು ಕೂತಳು. ಎಡಗೈ ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು.

"ಒಂದೊಂದೇ ತತ್ತೀಯೇನಪ್ಪ?" ಎಂದು ಅವನನ್ನು ಕೇಳಿದಳು. "ಬಿಸಿಬಿಸೀದು ತಿನ್ನಬೇಕು ನಾನು."

ಅವನು ಆರು ಸಲ ಒಳಗೆ ಹೋಗಿ ಬಂದ. ಪ್ರತಿ ಸಲವೂ ಇನ್ನೇನು ಬೇಕಮ್ಮ ಎಂದು ಕೇಳಿದ. ಮಂಗಳಗೌರಿ ಖಾರ ಜಾಸ್ತಿ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆದರೆ ಆ ಊಟದಲ್ಲಿ ಖಾರವೇ ಇರಲಿಲ್ಲ, ಸಿಹಿಯೇ ಹೆಚ್ಚಾಗಿತ್ತು ಅಂದಳು ನಾಹಿದಾ.

*

ಐಶ್ವರ್ಯ ಎದ್ದು ನಿಂತಳು. "ಶುಗರ್ ಇರೋರನ್ನ ಹೋಟ್ಲಿಂದ ಹೋಟ್ಲಿಗೆ ತಿರುಗ್ಸಿದ್ರಲ್ಲ. ಅದಕ್ಕೇ ಹಿಂಗಾಯ್ತು."

"ಬಸ್ಸಲ್ಲಿ ಬತ್ತಾ ನಾನೂ ಅದನ್ನೇ ಅನ್ಕೊಂಡೆ ಕಣಮ್ಮ," ಅಂದಳು ನಾಹಿದಾ, ತಲೆ ಎತ್ತದೆ.

"ಸುಮ್ಕಿರು ಮಗ," ಅಂದ ಸಿದ್ದಗಂಗಯ್ಯ. "ತಿಂಗ್ಳಿಗೆ ಒಂದಿನ ತಿಂದು ಸಾಯ್ಲಿಲ್ಲ ನಿಮ್ಮವ್ವ. ನನ್ನ ಒಲೆ ಮುಂದೆ ನಿಂತು ನಿಂತು ಸತ್ಲು."

ಆಮೇಲೆ ನಾಹಿದಾಳನ್ನು ಕೇಳಿದ, ಮಂಗಳಗೌರಿಗೆ ಯಾವುದು ಬಹಳ ಹಿಡಿಸಿತ್ತು ಎಂದು. ಮೂರನೇ ದಿನ ಎಡೆ ಇಡಬೇಕು, ತನಗೆ ತಿಳಿಯದು ಎಂದೂ ಸೇರಿಸಿದ.

ನಾಹಿದಾ ಮಂಗಳಗೌರಿಯ ಮಡಿಲಿನ ಹೂವನ್ನು ಸರಿಪಡಿಸಿದಳು. "ಇಂಥದ್ದೇ ಅಂತ ಏನಿರ್ಲಿಲ್ಲ ಅಣ್ಣ. ಯಾರಾದ್ರೂ ತಂದು ಮುಂದೆ ಇಟ್ರೆ ಸಾಕಾಗಿತ್ತು."

ಮಧ್ಯಾಹ್ನ ಊರಾಚೆಯ ತೋಪಿನಲ್ಲಿ ಗುಂಡಿಯ ಒಳಗಿನ ಗೂಡಿನಲ್ಲಿ ಮಂಗಳಗೌರಿಯನ್ನು ಕೂರಿಸಿದರು. ಮಠದ ಅಯ್ಯನವರು ಹೇಳಿದಂತೆ ಸಿದ್ದಗಂಗಯ್ಯ ಬಿಲ್ವಪತ್ರೆ ಹಾಕಿದ, ಮೂರು ಹಿಡಿ ಮಣ್ಣು ಹಾಕಿದ. ಹೆಂಗಸರ ಸಾಲಿನ ಕೊನೆಯಲ್ಲಿ ನಾಹಿದಾ ಬುರ್ಖಾದ ಮುಸುಕನ್ನು ಬಿಗಿ ಹಿಡಿದು ನಿಂತಿದ್ದಳು.

ಸಂಜೆ, ಮಿಂದು ಬಟ್ಟೆ ಬದಲಿಸಿ, ನಾಹಿದಾ ಬೇಡವೆಂದರೂ ಕೇಳದೆ ಸಿದ್ದಗಂಗಯ್ಯ ಅವಳ ಜೊತೆ ಬಸ್‌ಸ್ಟ್ಯಾಂಡಿನವರೆಗೆ ನಡೆದ. ಬಸ್ಸು ಬಂದು ನಿಂತ ಮೇಲೆ ಕೇಳಿದ.

"ನನ್ನೂ ಒಂದ್ಸಲ ಕರ್ಕೊಂಡೋಗಾನ ಅಂತ ಯಾವತ್ತಾದ್ರೂ ಅಂದಿದ್ಲಾ?"

ನಾಹಿದಾ ಅವನ ಮುಖ ನೋಡಿದಳು. "ನಿಮ್ಮನ್ನೂ ಕರೀರಿ ಅಂತ ನಾನೇ ಕೇಳಿದ್ದೆ ಅಣ್ಣ. ಅವ್ರು ಬಂದ್ರೆ ಅಡುಗೆಮನೆ ನೋಡಕ್ಕೆ ಎದ್ದೋಯ್ತಾರೆ, ನಾನು ಒಬ್ಳೇ ಕೂತಿರ್ಬೇಕಾಯ್ತದೆ ಅಂದ್ರು. ಬೇಜಾರಲ್ಲಿ ಹೇಳ್ಲಿಲ್ಲ. ನಗ್ತಾನೇ ಹೇಳಿದ್ರು."

*

ಮದುವೆಯಾದ ವರ್ಷ ಗ್ರೈಂಡರ್ ಕೊಳ್ಳಲು ಇಬ್ಬರೂ ಬೆಂಗಳೂರಿಗೆ ಹೋಗಿದ್ದರು. ಬಳೇಪೇಟೆಯ ಹೋಟೆಲೊಂದರಲ್ಲಿ ಎರಡು ಮಸಾಲೆ ದೋಸೆ ಹೇಳಿ, ಕಾವಲಿ ಎಂಥದೆಂದು ನೋಡಿ ಬರುವೆನೆಂದು ಸಿದ್ದಗಂಗಯ್ಯ ಒಳಗೆ ಹೋದ. ಭಟ್ಟರ ಜೊತೆ ಒಲೆ, ಹಿಟ್ಟು, ಉದ್ದಿನಬೇಳೆ ಎಂದು ಮಾತು ಬೆಳೆಯಿತು. ಈಚೆ ಬಂದಾಗ ಎರಡು ತಟ್ಟೆಯೂ ಹಾಗೇ ಇದ್ದವು. ಹೊಸ ಸೀರೆಯ ಹುಡುಗಿ ಅವನಿಗಾಗಿ ಕಾಯುತ್ತ ದೋಸೆ ಮುಟ್ಟಿರಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಅವನೇ ಅವಸರ ಮಾಡಿದ್ದ. ಅವಳು ಆರಿದ ದೋಸೆಯನ್ನು ನಾಲ್ಕು ತುತ್ತು ತಿಂದು ಎದ್ದಿದ್ದಳು.

*

ಬಸ್ಸು ಹೋದ ಮೇಲೆ ಸಿದ್ದಗಂಗಯ್ಯ ಮನೆಯ ಕಡೆ ಹೋಗಲಿಲ್ಲ. ಹೋಟೆಲಿನ ಷಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ನುಗ್ಗಿದ. ತನ್ನ ಗಲ್ಲಾದ ಕುರ್ಚಿಯನ್ನು ದಾಟಿ, ಗಿರಾಕಿಗಳು ಕೂರುವ ಮೂರನೇ ಬೆಂಚಿನಲ್ಲಿ ಹೋಗಿ ಕೂತ. ಆ ಜಾಗದಲ್ಲಿ ಅವನು ಎಂದೂ ಕೂತವನಲ್ಲ. ಅಲ್ಲಿಂದ ಅಡುಗೆಮನೆ ಕಾಣುತ್ತಿರಲಿಲ್ಲ. ಗೋಡೆಯಲ್ಲಿ ತಟ್ಟೆ ಈಚೆ ತಳ್ಳುವಷ್ಟು ಅಗಲದ ಒಂದು ಕಿಂಡಿ ಮಾತ್ರ ಕಾಣುತ್ತಿತ್ತು. ಇಷ್ಟು ವರ್ಷ ಇಲ್ಲಿ ಉಂಡು ಹೋದವರೆಲ್ಲ ಮಂಗಳಗೌರಿಯ ಕೈಗಳನ್ನು ಬಳೆಯವರೆಗೆ ಕಂಡಿದ್ದರು, ಅಷ್ಟೇ. ಕಿಂಡಿಯ ಅಂಚಿನ ಕಲ್ಲು ಎರಡು ಕಡೆ ಸವೆದು ನುಣುಪಾಗಿತ್ತು.

ಬಸ್ಸಿಳಿದ ಯಾರೋ ಷಟರಿನಡಿ ಬಗ್ಗಿ, ಊಟ ಐತಾ ಎಂದು ಕೇಳಿದರು. ಸಿದ್ದಗಂಗಯ್ಯ ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕಿಂಡಿಯನ್ನೇ ನೋಡುತ್ತಿದ್ದ.