ಒಂದೇ ಮಾತು ಉಳಿದ ಬಾಯಿ

ಮುಂದೆ ನಿಂತವಳ ಕಪ್ಪು ಕೋಟಿನ ಬೆನ್ನಿಗೆ ಒಂದು ಬಿಳಿ ದಾರ ಅಂಟಿಕೊಂಡಿದೆ, ತೆಗೆಯಲೋ ಬೇಡವೋ, ಬೆಳಗಿನ ಆರರಿಂದ ಅದನ್ನೇ ನೋಡುತ್ತಿದ್ದೇನೆ, ಈಗ ಹನ್ನೊಂದು ದಾಟಿತು, ಹತ್ತಿಯ ದಾರ, ಎರಡೆಳೆ ಹೊಸೆದದ್ದು, ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ ದಾರ ನೋಡಿದ ಕಣ್ಣು ಸಂತಳ ದರ್ಶನಕ್ಕೆ ನಿಂತರೂ ದಾರವನ್ನೇ ಹುಡುಕುತ್ತದೆ — ಪ್ರಾರ್ಥನೆ ಮಾಡು ಅಗ್ಲಾಯಾ, ಮೂರು ತಾಸು ಬಸ್ಸಿನಲ್ಲಿ ಯಾಶ್ ಪಟ್ಟಣಕ್ಕೆ ಬಂದದ್ದು ದಾರ ನೋಡಲಿಕ್ಕಲ್ಲ. ಪ್ರಾರ್ಥನೆಗಳೆಲ್ಲ ಬಾಯಿಗೆ ಬರುತ್ತವೆ, ಕಷ್ಟ ಅದಲ್ಲ, ಕೊನೆಯಲ್ಲಿ ಏನು ಕೇಳಬೇಕೆಂಬುದೇ ಗೊತ್ತಿಲ್ಲ. ಕೈಚೀಲದಲ್ಲಿ ಗಂಡ ಗವ್ರಿಲನ ಅಂಗಿ ಇದೆ, ಸಾಲು ಸರಿದಾಗಲೆಲ್ಲ ಕೈ ಹಾಕಿ ಮುಟ್ಟುತ್ತೇನೆ, ಸಂತ ಪರಸ್ಕೇವಾಳ ಮೈ ಇಟ್ಟಿರುವ ಪೆಟ್ಟಿಗೆಗೆ ತಾಗಿಸಿ ಒಯ್ದು ರೋಗಿಗೆ ತೊಡಿಸಿದರೆ ವಾಸಿಯಾಗುತ್ತದಂತೆ, ಇಲ್ಲಿ ಎಲ್ಲರ ಚೀಲದಲ್ಲೂ ಯಾರದೋ ಒಂದು ಬಟ್ಟೆ, ಯಾರದೋ ಮಗುವಿನ ಟೋಪಿ, ಯಾರದೋ ಅಪ್ಪನ ಕಾಲುಚೀಲ. ಪಕ್ಕದ ಪ್ರೊಫೀರಾ ಎರಡೂ ಮೊಣಕಾಲಿಗೆ ಉಣ್ಣೆಯ ಬಟ್ಟೆ ಸುತ್ತಿಕೊಂಡು ಬಂದಿದ್ದಾಳೆ, ಬೆಳಗಿನಿಂದ ಬಾಯಿ ಮುಚ್ಚಿಲ್ಲ, ನಿಮ್ಮದು ಯಾರಿಗಕ್ಕಾ ಅಂದಳು, ನನ್ನ ಗಂಡನಿಗೆ, ಲಕ್ವ ಹೊಡೆದು ಮಾತು ಹೋಗಿದೆ ಅಂದೆ, ಅಯ್ಯೋ ನನ್ನ ಗಂಡನಿಗೆ ಮಾತು ಹೋಗಿದ್ದಿದ್ರೆ ನಾನು ಈ ಸಾಲಲ್ಲಿ ನಿಲ್ತಾನೇ ಇರಲಿಲ್ಲ, ಊರಿಗೆಲ್ಲ ಊಟ ಹಾಕಿಸ್ತಿದ್ದೆ, ಹಿಂದಿನವರೂ ನಕ್ಕರು, ನಾನೂ ನಕ್ಕೆ, ನಕ್ಕು ಸುಮ್ಮನಿರಬಹುದಿತ್ತು, ಪೂರ್ತಿ ಹೋಗಿಲ್ಲ, ಒಂದೇ ಒಂದು ಮಾತು ಉಳಿದಿದೆ ಅಂದುಬಿಟ್ಟೆ, ಯಾವ್ದಕ್ಕಾ ಅಂತ ಅವಳು ಕಣ್ಣರಳಿಸಿದಳು, ಅಷ್ಟರಲ್ಲಿ ಸಾಲು ಸರಿಯಿತು, ಸದ್ಯ.

ಫೆಬ್ರವರಿಯಲ್ಲಿ, ಹಿಮ ಮೊಣಕಾಲುದ್ದ ಬಿದ್ದ ವಾರ, ಕೊಟ್ಟಿಗೆಗೆ ದಾರಿ ಬಿಡಿಸುತ್ತಿದ್ದವನು ಸಲಿಕೆಯ ಮೇಲೇ ಒರಗಿದ, ಕಿಟಕಿಯಿಂದ ನೋಡಿ ದಣಿವಾರಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆ, ಒಲೆಯ ಮೇಲೆ ಹಾಲಿತ್ತು, ಉಕ್ಕೀತೆಂದು ಆ ಕಡೆ ತಿರುಗಿದೆ, ಆ ಹಾಲನ್ನು ಆಮೇಲೆ ಯಾರು ಕುಡಿದರೋ, ಹೊರಗೆ ಓಡಿದಾಗ ಅವನ ಹುಬ್ಬಿನ ಮೇಲೆ ಹಿಮ ಕೂತಿತ್ತು. ಆಸ್ಪತ್ರೆಯಲ್ಲಿ ಎಂಟು ದಿನ ಬಾಯಿಬಿಡಲಿಲ್ಲ. ಮೂವತ್ತೊಂದು ವರ್ಷ ಊರಿನ ಚರ್ಚಿನಲ್ಲಿ ಹಾಡಿದ ಬಾಯಿ, ಮದುವೆಗೆ, ಮಣ್ಣಿಗೆ, ನಾಮಕರಣಕ್ಕೆ, ಮಕ್ಕಳಿಲ್ಲದ ಮನೆಯಲ್ಲಿ ಇದ್ದದ್ದೇ ಆ ಧ್ವನಿಯೊಂದು, ಹಿತ್ತಿಲಿಂದ ಗ್ಲಾಯಾ ಎಂದು ಅವನು ಕರೆದರೆ ಆ ಕೊನೆಯ ಅಕ್ಷರ ಬೇಲಿ ದಾಟಿ ಹೊಲದವರೆಗೆ ಹೋಗುತ್ತಿತ್ತು, ಏ ಮಾರಾಯ, ನಾನೇನು ಪಕ್ಕದ ಊರಲ್ಲಿದೀನಾ ಎನ್ನುತ್ತಿದ್ದೆ, ಬೈಯುತ್ತಿದ್ದೆ, ದೇವರೇ, ಅದಕ್ಕೆ ಬೈಯುತ್ತಿದ್ದೆ. ಒಂಬತ್ತನೆಯ ದಿನ ಚಮಚ ಹಿಡಿದು ಬಾಗಿದ್ದೇನೆ, ಅವನು ನನ್ನ ಮುಖವನ್ನೇ ನೋಡುತ್ತಾನೆ, ತುಟಿ ಅಲುಗುತ್ತದೆ, ಸಾಫ್ತಾ ಅನ್ನುತ್ತಾನೆ, ಯಾರೋ ಹೆಂಗಸಿನ ಹೆಸರು. ಹಿಂದೆ ತಿರುಗಿ ನೋಡಿದೆ, ನರ್ಸಿನ ಹೆಸರಿರಬಹುದೆಂದು. ಹಿಂದೆ ಯಾರೂ ಇರಲಿಲ್ಲ. ನೀರು ಬೇಕಾದರೂ ಸಾಫ್ತಾ, ಕಾಲು ನೋಯುತ್ತಿದ್ದರೂ ಸಾಫ್ತಾ, ಕಿಟಕಿಯಾಚೆ ಕಾಗೆ ಕೂತರೂ ಸಾಫ್ತಾ. ಅಮ್ಮಾ, ಅದಕ್ಕೆ ಅರ್ಥ ಹುಡುಕಬೇಡಿ ಅಂದಳು ಡಾಕ್ಟರು, ನನ್ನ ಮಗಳಾಗುವ ವಯಸ್ಸಿನವಳು, ತಲೆಯೊಳಗೆ ಮಾತಿನ ಜಾಗಕ್ಕೇ ಪೆಟ್ಟಾಗಿದೆ, ಕೆಲವರಿಗೆ ಹೀಗೆ ಒಂದೇ ಮಾತು ಉಳಿಯುತ್ತೆ, ಎಷ್ಟೋ ಜನಕ್ಕೆ ಬೈಗುಳ ಉಳಿಯುತ್ತೆ, ನಿಮ್ಮೋರಿಗೆ ಒಂದು ಹೆಸರು ಉಳಿದಿದೆ, ಅದೃಷ್ಟ ಅನ್ಕೊಳ್ಳಿ. ಬೈಗುಳವೇ ಉಳಿಯಬಾರದಿತ್ತೇ, ನಾನು ಅದನ್ನು ಮುತ್ತಿನಂತೆ ಆರಿಸಿಕೊಳ್ಳುತ್ತಿದ್ದೆ.

ಯಾರೇ ಈ ಸಾಫ್ತಾ ಎಂದು ನಾದಿನಿ ಕತಿಂಕಾಳನ್ನು ಕೇಳಿದೆ, ಅಣ್ಣನ ಜೊತೆ ಬೆಳೆದವಳು, ಅವಳಿಗೆ ಗೊತ್ತಿಲ್ಲದ್ದು ಏನಿದೆ, ಅತ್ತಿಗೆ, ನಮ್ಮನೇಲಿ ಆ ಹೆಸರಿನ ಹಸು ಕೂಡ ಇರಲಿಲ್ಲ ಅಂದಳು, ಅಂದು ನನ್ನ ಮುಖ ನೋಡಲಿಲ್ಲ, ಅಥವಾ ನೋಡಿದಳೇನೋ, ಈಗ ನೆನಪು ಸರಿಯಾಗಿಲ್ಲ. ಸ್ಮಶಾನದಲ್ಲಿ ಹುಡುಕಿದೆ, ನಾಚಿಕೆ ಬಿಟ್ಟು, ಒಂದು ಗುರುವಾರ ಹುಲ್ಲು ಕೀಳುವ ನೆಪದಲ್ಲಿ ಸಾಲು ಸಾಲಾಗಿ ಶಿಲುಬೆಗಳನ್ನು ಓದುತ್ತಾ ಹೋದೆ, ಮೂವರು ಸಿಕ್ಕರು, ಒಬ್ಬಳು ಅವನು ಹುಟ್ಟುವ ಮೊದಲೇ ಸತ್ತವಳು, ಇನ್ನೊಬ್ಬಳು ತೊಂಬತ್ತರ ಮುದುಕಿ, ಮೂರನೆಯದು ಎಂಟು ತಿಂಗಳ ಕೂಸು, ಯಾರ ಮೇಲೂ ಹೊಟ್ಟೆಕಿಚ್ಚು ಪಡುವಂತಿರಲಿಲ್ಲ, ಕೂಸಿನ ಸಮಾಧಿಯ ಹುಲ್ಲು ಕಿತ್ತು ಮನೆಗೆ ಬಂದೆ. ಹಾಗಾದರೆ ಅವನು ಸೈನ್ಯದಲ್ಲಿದ್ದಾಗಿನವಳೋ, ನನ್ನನ್ನು ನೋಡುವ ಮೊದಲಿನವಳೋ, ಆಮೇಲಿನವಳೋ — ಸಾಫ್ತಾ ಎನ್ನುತ್ತಾ ಅವನು ಮಂಚದಿಂದ ಕೈ ಚಾಚಿದರೆ ನಾನು ನೀರು ಕೊಡುತ್ತಿದ್ದೆ, ದಿಂಬು ಸರಿಮಾಡುತ್ತಿದ್ದೆ, ಹೂಂ ಎನ್ನುತ್ತಿರಲಿಲ್ಲ, ಒಂದು ಸಲವೂ ಓಗೊಡಲಿಲ್ಲ, ನನ್ನ ಹೆಸರಲ್ಲವಲ್ಲ ಅದು.

ಬಿಸಿಬಿಸಿ ಎಲೆಕೋಸಿನ ಸುರುಳಿ ಹಂಚುತ್ತಾ ಹುಡುಗಿಯರು ಬಂದರು, ಪ್ರೊಫೀರಾ ಎರಡು ತೆಗೆದುಕೊಂಡು ಒಂದನ್ನು ನನ್ನ ಕೈಗಿಟ್ಟಳು, ತಿನ್ನಿ ಅಕ್ಕಾ, ಹೊಟ್ಟೆ ಕೂಗ್ತಾ ಇದ್ರೆ ಸಂತಳಿಗೆ ಅದೇ ಕೇಳಿಸೋದು, ಅನ್ನವೂ ಮಾಂಸವೂ ಸಬ್ಬಸಿಗೆಯ ವಾಸನೆಯೂ, ಗವ್ರಿಲನಿಗೆ ಇದು ಪ್ರಾಣ, ಈಸ್ಟರ್‌ನಲ್ಲಿ ಮಾಡಿದ್ದೆ, ಎಡಗೈಯಿಂದ ಹಿಡಿದು ಆರು ತಿಂದ, ತಿಂದು ಸಾಫ್ತಾ ಅಂದ, ಚೆನ್ನಾಗಿದೆ ಎಂದಿರಬೇಕು. ಅದರ ಮುಂದಿನ ಭಾನುವಾರವೇ ಅಲ್ಲವೇ ಅವನನ್ನು ಚರ್ಚಿಗೆ ಕರೆದೊಯ್ದದ್ದು, ಫಾದರ್ ಇರಿನೆಯು ಹೇಳಿದ್ದರು, ಕರ್ಕೊಂಡು ಬಾ ಅಗ್ಲಾಯಾ, ಮಾತು ಹೋದವರಿಗೂ ಹಾಡು ಉಳಿದಿರುತ್ತಂತೆ, ನೋಡೋಣ. ನನಗೂ ಆಸೆ, ಅಂಗಿಗೆ ಇಸ್ತ್ರಿ ಮಾಡಿದೆ, ಗಡ್ಡ ಹೆರೆದೆ, ಬಲಗಾಲು ಎಳೆಯುತ್ತಾ ಕೋಲೂರಿ ಹೋಗಿ ತನ್ನ ಜಾಗದಲ್ಲಿ ನಿಂತ, ಪುಸ್ತಕದ ಮಣೆಯನ್ನು ಒಮ್ಮೆ ಸವರಿದ, ಪ್ರಭುವಿನಲ್ಲಿ ಪ್ರಾರ್ಥಿಸೋಣ ಎಂದರು ಫಾದರ್, ಆಗ ಬಂತು, ದೇವರೇ, ಅದೇ ಧ್ವನಿ, ಒಂದು ಸ್ವರವೂ ಜಾರದೆ, ಪ್ರಭುವೇ ಕರುಣಿಸು ಎಂಬುದರ ಅದೇ ಏರು, ಅದೇ ತಿರುವು, ಕಂಬಕ್ಕೆ ಕೈಯೂರಿ ನಿಂತೆ, ಆದರೆ ಪ್ರಭುವೇ ಕರುಣಿಸು ಇರುವ ಕಡೆಯೆಲ್ಲ ಸಾಫ್ತಾ, ಸಾಫ್ತಾ, ಸಾ-ಫ್ತಾ, ಮೂರು ಸಲ, ಹನ್ನೆರಡು ಸಲ, ಹೆಂಗಸರು ತಲೆವಸ್ತ್ರದ ಅಂಚನ್ನು ಬಾಯಿಗೆ ತುರುಕಿಕೊಂಡರು, ಗಂಡಸರು ಕೆಮ್ಮಿದರು, ಫಾದರ್ ನಮಗೆ ಬೆನ್ನು ಮಾಡಿ ನಿಂತುಬಿಟ್ಟರು, ನನ್ನ ಹಿಂದಿನಿಂದ ಒಬ್ಬಳು, ಬಿಡು ಅಗ್ಲಾಯಾ, ನಿನ್ನ ಸವತಿಗೆ ಸ್ವರ್ಗದಲ್ಲಿ ಜಾಗ ಸಿಕ್ತು. ಪೂಜೆಯ ನಡುವೆಯೇ ಅವನ ಮೊಣಕೈ ಹಿಡಿದು ಎಳೆದುಕೊಂಡು ಬಂದೆ. ಏನು ತಪ್ಪಾಯಿತೆಂದು ಅವನಿಗೆ ತಿಳಿಯಲಿಲ್ಲ, ಅವನ ಕಿವಿಗೆ ಎಲ್ಲವೂ ಸರಿಯಾಗಿಯೇ ಕೇಳಿಸಿತ್ತೇನೋ, ದಾರಿಯುದ್ದಕ್ಕೂ ನನ್ನನ್ನು ನೋಡುತ್ತಾ ಬಂದ, ಮನೆಗೆ ಬಂದವಳೇ ದೇವಮಾತೆಯ ಪಟದ ಮುಂದೆ ಮಂಡಿಯೂರಿ ಕೇಳಿದೆ, ಅದೊಂದನ್ನೂ ಕಿತ್ಕೋ ತಾಯಿ, ಮೂಗನಾಗಿಯೇ ಇರಲಿ. ಹಾಗೆ ಕೇಳಿದೆ. ಕಟ್ಟಿಕೊಂಡ ಗಂಡನಿಗೆ ವಿರುದ್ಧವಾಗಿ ದೇವರನ್ನು ಕೇಳಿದೆ.

ಇದನ್ನು ಯಾರಿಗೆ ಹೇಳಲಿ, ಇಲ್ಲಿಗೆ ಬರುವ ಮೊದಲು ಪಾಪನಿವೇದನೆ ಮಾಡಿದಾಗಲೂ ಫಾದರ್‌ಗೆ ಹೇಳಲಿಲ್ಲ, ಉಪವಾಸದ ಶುಕ್ರವಾರ ಮೊಸರು ತಿಂದದ್ದನ್ನು ಹೇಳಿದೆ, ನೆರೆಯವಳಿಗೆ ಶಾಪ ಹಾಕಿದ್ದನ್ನು ಹೇಳಿದೆ. ಕಾಯಿಲೆ ಅಂದ್ರೆ ದೇವರು ಬಾಗಿಲು ತಟ್ಟೋದು ಅನ್ನುತ್ತಾರೆ ಅವರು, ತಟ್ಟಿದವನು ಒಳಗೆ ಬಂದು ಎಂಟು ತಿಂಗಳಾಯಿತು ಫಾದರ್, ಬಂದ ಕೆಲಸ ಹೇಳುತ್ತಿಲ್ಲ. ಏಳು ಜನ ಪಾದ್ರಿಗಳನ್ನು ಕರೆಸಿ ಎಣ್ಣೆ ಹಚ್ಚಿಸಿದೆವು, ಹಣೆಗೆ, ಕೆನ್ನೆಗೆ, ತುಟಿಗೆ, ಅವರು ಮಂತ್ರಿಸಿದ ಹಿಟ್ಟಿನಲ್ಲಿ ರೊಟ್ಟಿ ಸುಟ್ಟು ತಿನ್ನಿಸಿದೆ, ನಂಬಿ ತಿಂದ್ರೆ ವಾಸಿಯಾಗುತ್ತೆ ಅಂದರು ಎಲ್ಲರೂ, ಅವನು ನಂಬಿಯೇ ತಿಂದ, ನಂಬದವಳು ನಾನು, ಅವನ ಗುಣಕ್ಕೆ ಅಡ್ಡ ನಿಂತಿರುವವಳು ನಾನೇ, ಮಾತೆಲ್ಲ ಮರಳಿ ಬಂದರೆ ಸಾಫ್ತಾ ಯಾರೆಂಬುದನ್ನೂ ಹೇಳಿಬಿಡುತ್ತಾನಲ್ಲ ಎಂಬ ಹೆದರಿಕೆ ಇಟ್ಟುಕೊಂಡು ರೊಟ್ಟಿ ಸುಟ್ಟರೆ ಎಲ್ಲಿಂದ ಗುಣವಾಗಬೇಕು. ಭಾನುವಾರ ಗಂಟೆ ಹೊಡೆದರೆ ಅವನು ತಾನೇ ಅಂಗಿ ತೊಟ್ಟು ಗೇಟಿನ ಬಳಿ ನಿಲ್ಲುತ್ತಾನೆ, ಗುಂಡಿ ತಪ್ಪಿ ಹಾಕಿರುತ್ತಾನೆ, ಇವತ್ತು ಬೇಡ, ಗಾಳಿ ಜಾಸ್ತಿ ಅನ್ನುತ್ತೇನೆ, ಇವತ್ತು ಬೇಡ, ಕೆಸರು, ರೇಡಿಯೋ ಜೋರು ಮಾಡುತ್ತೇನೆ, ಗಂಟೆ ಕೇಳದಿರಲಿ ಎಂದು. ಅಕ್ಕಾ, ಬಂತು ನೋಡಿ ಅನ್ನುತ್ತಾಳೆ ಪ್ರೊಫೀರಾ, ಒಂದೇ ಸಲಕ್ಕೆ ಹತ್ತು ಕೇಳಬೇಡಿ, ನಾನು ಹೋದ ವರ್ಷ ಮೊಣಕಾಲು, ಸೊಸೆ, ದ್ರಾಕ್ಷಿ ಬೆಳೆ ಎಲ್ಲಾ ಕೇಳಿದೆ, ದ್ರಾಕ್ಷಿ ಮಾತ್ರ ಆಯ್ತು.

ತುಳಸಿಯ ವಾಸನೆ, ಮೇಣದ ವಾಸನೆ, ಒದ್ದೆ ಉಣ್ಣೆಯ ವಾಸನೆ, ಚಪ್ಪರದ ಕೆಳಗೆ ಬೆಳ್ಳಿಯ ಪೆಟ್ಟಿಗೆ, ಪ್ರೊಫೀರಾಳ ಬೆನ್ನು ಬಾಗಿತು, ಎದ್ದಿತು, ಈಗ ನಾನು, ಇಷ್ಟು ಚಿಕ್ಕವಳೇ, ಹೊದಿಕೆಯ ಕೆಳಗೆ ಇಷ್ಟೇ ಉದ್ದ, ಮಲಗಿದ ಹುಡುಗಿಯಷ್ಟು, ಇಷ್ಟು ಜನರ ನೋವನ್ನು ಈ ಪುಟ್ಟ ಮೈ ಹೇಗೆ — ಅಂಗಿಯನ್ನು ತಾಗಿಸುತ್ತೇನೆ, ಹಣೆ ತಾಗಿಸುತ್ತೇನೆ, ಬೆಳ್ಳಿ ತಣ್ಣಗಿದೆ, ನಡೀರಿ ಅಮ್ಮಾ ನಡೀರಿ ಎಂದು ಭುಜಕ್ಕೆ ಒಂದು ಕೈ, ಕೇಳು, ಬೇಗ ಕೇಳು, ಎಲ್ಲ ಮಾತು ಕೊಡು ಎಂದೋ, ಇದ್ದುದನ್ನೂ ಕಿತ್ತುಕೋ ಎಂದೋ, ಎರಡೂ ಬರಲಿಲ್ಲ, ಇರಲಿ ಅಂದೆ, ನನ್ನ ಬಾಯಿಂದಲೇ ಬಂತು, ಇರಲಿ, ಆ ಒಂದಾದರೂ ಇರಲಿ, ಅಷ್ಟರಲ್ಲಿ ಹೊರಗೆ ಬಂದಿದ್ದೆ, ಬಿಸಿಲಿಗೆ, ಅಂಗಿ ಎದೆಗೆ ಅವುಚಿಕೊಂಡು.

ಗೋಡೆಗೆ ಒರಗಿ ಮನೆಗೆ ಫೋನ್ ಮಾಡಿದೆ, ಕತಿಂಕಾ ಎತ್ತಿದಳು, ಮುಟ್ಟಿದ್ರಾ ಅತ್ತಿಗೆ, ಮುಟ್ಟಿದೆ, ಅವನು ಊಟ ಮಾಡಿದ್ನಾ, ಮುದ್ದೆ, ಹಾಲು ತಿಂದ, ಆದ್ರೆ ಒಂದು ಕಡೆ ಕೂರಲ್ಲ ಅಂತಾನೆ, ಬೆಳಗ್ಗಿಂದ ಸಾಫ್ತಾ ಸಾಫ್ತಾ ಅಂತ ಕೊಟ್ಟಿಗೆ ನೋಡಿದ, ನೆಲಮಾಳಿಗೆ ನೋಡಿದ, ಈಗ ನಿಮ್ಮ ಮನೆ ಚಪ್ಪಲಿ ತಂದು ಹೊಸ್ತಿಲಲ್ಲಿ ಜೋಡಿಸಿ ಇಟ್ಕೊಂಡು ಕೂತಿದಾನೆ, ಏನು ಹೇಳಲಿ ಅವನಿಗೆ. ನನ್ನ ಚಪ್ಪಲಿ. ಫೋನ್ ಕೊಡು ಅವನಿಗೆ ಅಂದೆ. ಫೋನು ಎಲ್ಲೋ ತಾಗಿತು, ಗರಗರ ಎಂದಿತು, ಆಮೇಲೆ ಅವನು, ಸಾಫ್ತಾ, ಕೊನೆಯ ಅಕ್ಷರವನ್ನು ಎಳೆದು, ಬೇಲಿ ದಾಟುವ ಹಾಗೆ, ಹೊಲದವರೆಗೂ ಹೋಗುವ ಹಾಗೆ. ಹೂಂ ಅಂದೆ. ನಾನೇ. ಇಲ್ಲೇ ಇದೀನಿ, ಸಂಜೆ ಬಸ್ಸಿಗೆ ಬರ್ತೀನಿ, ಈ ಭಾನುವಾರ ಚರ್ಚಿಗೆ ಹೋಗೋಣ ಮಾರಾಯ, ನಗೋರು ನಗಲಿ, ನೀನು ಹಾಡು. ಆಮೇಲೆ ಉಸಿರು, ಅವನು ಉಸಿರು ಒಳಗೆಳೆದುಕೊಂಡ ಸದ್ದು, ಮೂಗಿನಿಂದ, ನಿಧಾನವಾಗಿ, ಪಕ್ಕೆಲುಬು ತುಂಬುವವರೆಗೆ, ಮೊದಲ ಸ್ವರ ಹಿಡಿಯುವ ಮುಂಚೆ ಹಾಡುವವನು ತೆಗೆದುಕೊಳ್ಳುವ ಉಸಿರು ಅದು, ಮೂವತ್ತೊಂದು ವರ್ಷ ಹೆಂಗಸರ ಸಾಲಿನಲ್ಲಿ ನಿಂತು ಉಳಿದವರೆಲ್ಲ ಹಾಡು ಕೇಳುವ ಮೊದಲೇ ನಾನೊಬ್ಬಳೇ ಕೇಳುತ್ತಿದ್ದ ಉಸಿರು, ಒಳಗೆ ಹೋಯಿತು, ಇನ್ನೂ ಹೊರಗೆ ಬಿಟ್ಟಿಲ್ಲ, ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದೇನೆ, ಎದೆ ತುಂಬ ಹಿಡಿದಿರುವ ಉಸಿರು, ಇನ್ನೂ ಬಿಟ್ಟಿಲ್ಲ, ಇನ್ನೂ