ಒರೆಸದ ಅರ್ಧ

ಶೂ ಕಾರ್ಖಾನೆಯ ಹೊಲಿಗೆ ವಿಭಾಗದವರು ಅವನಿಗೆ ಇಟ್ಟ ಹೆಸರು ‘ಆದ್ರೂ’. ಯಾವ ಶೂ ಹೇಗಿದೆ ಎಂದು ಕೇಳಿದರೂ “ಚೆನ್ನಾಗಿದೆ, ಆದ್ರೂ...” ಎಂದು ಅರ್ಧಕ್ಕೇ ನಿಲ್ಲುತ್ತಿದ್ದ. ಮೊಸರಲ್ಲೂ ಕಲ್ಲು ಹುಡುಕುವವನು ಎಂದು ಅವರೆಲ್ಲ ನಗುತ್ತಿದ್ದರು. ಕಲ್ಲು ಹುಡುಕುವುದಕ್ಕೇ ತಾನೆ ನನ್ನನ್ನು ಇಟ್ಟುಕೊಂಡಿರುವುದು ಎಂದುಕೊಂಡು ಅವನೂ ನಕ್ಕುಬಿಡುತ್ತಿದ್ದ.

ಕೇಳಿದವರಿಗೆ ಅವನದು ಕೆಲಸವಲ್ಲ, ಆಟ. ಬ್ಯಾಸ್ಕೆಟ್‌ಬಾಲ್ ಶೂವಿನ ಹೊಸ ಮಾದರಿ ಬಂದಾಗಲೆಲ್ಲ ಅದನ್ನು ಹಾಕಿಕೊಂಡು ಕಾರ್ಖಾನೆಯ ಹಿಂಬದಿಯ ಮರದ ನೆಲದ ಅಂಗಣದಲ್ಲಿ ಮೂರು ವಾರ ಆಡಬೇಕು. ಓಡಬೇಕು, ಗಕ್ಕನೆ ನಿಲ್ಲಬೇಕು, ಹಾರಿ ಇಳಿಯಬೇಕು. ಆಮೇಲೆ ಹಿಡಿತ, ಮೆತ್ತೆ, ಗಾಳಿಯಾಟ, ಪಾದದ ಗಿಣ್ಣಿಗೆ ಸಿಗುವ ಆಸರೆ ಎಂದು ಒಂದೊಂದಕ್ಕೂ ಹತ್ತರಲ್ಲಿ ಅಂಕ ಬರೆದು ಸಹಿ ಹಾಕಬೇಕು. ಆ ಸಹಿ ಬಿದ್ದ ಮೇಲೆಯೇ ಶೂ ಹೊರಗೆ ಹೋಗುತ್ತಿದ್ದುದು.

ಈ ಸಲದ ನೀಲಿ ಶೂ ಬಗ್ಗೆ ಅವನಿಗೆ ಎಂದಿಲ್ಲದ ಅಂಜಿಕೆ. ಮಾದರಿಗೆಂದು ಹೊಲಿದ ಮೊದಲ ಹನ್ನೆರಡು ಜೊತೆ ಊರಿನ ಹೆಂಗಸರ ತಂಡಕ್ಕೆ ಹೋಗಲಿದ್ದವು. ಅವನ ತಂಗಿಯೂ ಆ ತಂಡದವಳೇ. ಎರಡು ವರ್ಷದ ಹಿಂದೆ ಆಡುವಾಗ ಜಾರಿ, ಪಾದದ ಗಿಣ್ಣು ಹೊರಳಿ, ಆರು ವಾರ ಪಟ್ಟಿ ಕಟ್ಟಿಕೊಂಡು ಮಂಚ ಹಿಡಿದಿದ್ದಳು. ಅದಾದ ಮೇಲೆ ಅವಳು ಆಡುವ ಮೊದಲ ದೊಡ್ಡ ಪಂದ್ಯ ಈ ಭಾನುವಾರ.

“ಅಣ್ಣಾ, ಶೂ ಹೇಗಿದೆ?” ಎಂದು ಶುಕ್ರವಾರ ಬೆಳಿಗ್ಗೆಯೂ ಕೇಳಿದಳು.

“ಚೆನ್ನಾಗಿದೆ, ಆದ್ರೂ...”

“ಆದ್ರೂ ಏನು?”

“ಅದೇ ಗೊತ್ತಾಗ್ತಿಲ್ಲ.”

“ಸರಿ, ನಿನ್ನ ಆದ್ರೂನೂ ಇದರಲ್ಲೇ ತುಂಬಿದ್ದೀನಿ. ಮಧ್ಯಾಹ್ನ ತಿನ್ಕೋ,” ಎಂದು ಊಟದ ಡಬ್ಬಿಯನ್ನು ಅವನ ಕೈಗಿಟ್ಟಳು.

ವರದಿ ಸಂಜೆ ನಾಲ್ಕಕ್ಕೆ ಮ್ಯಾನೇಜರ್ ಮೇಜಿನ ಮೇಲೆ ಇರಬೇಕಿತ್ತು. ಅಂಗಣದ ಬೆಂಚಿನ ಮೇಲೆ ಕೂತು, ಕಾಗದವನ್ನು ಮೊಣಕಾಲ ಮೇಲಿಟ್ಟುಕೊಂಡು ನೋಡಿದ. ಹಿಡಿತದ ಮುಂದೆ ಮೂರು ವಾರವೂ ಒಂಬತ್ತು. ಒಂದು ದಿನವೂ ಕಾಲು ಜಾರಿರಲಿಲ್ಲ. ಆದರೂ ಪೆನ್ನು ಮುಂದಕ್ಕೆ ಹೋಗಲೊಲ್ಲದು.

ಅಂಗಣ ಒರೆಸುವ ಅಕ್ಕ ಬಕೆಟ್ಟು, ಉದ್ದ ಕೋಲಿನ ಒರೆಸುಬಟ್ಟೆ ಹಿಡಿದುಕೊಂಡು ಬಂದರು. “ಏನಪ್ಪಾ, ಮುಖ ಹಿಂಡಿದ ಬಟ್ಟೆ ಆಗಿದೆ? ಪರೀಕ್ಷೆ ಶೂಗೋ ನಿನಗೋ?”

“ಶೂಗೇ ಅಕ್ಕ. ಹಿಡಿತಕ್ಕೆ ಒಂಬತ್ತು ಕೊಟ್ಟಿದ್ದೀನಿ. ಎಲ್ಲೂ ಜಾರಿಲ್ಲ.”

“ಹೇಗೆ ಜಾರುತ್ತೆ? ಇವತ್ತೊಂದು ದಿನ ಬೇಗ ಬಂದಿದ್ದೀಯ. ದಿನಾ ನಾನು ಒರೆಸಿ ಕಾಲು ಗಂಟೆಗೆ ಬರ್ತೀಯ. ನನ್ನ ನೆಲದ ಮೇಲೆ ಕಾಲಿಗೆ ಸೋಪು ಕಟ್ಕೊಂಡು ಓಡಿದ್ರೂ ಯಾರೂ ಬೀಳಲ್ಲ. ಆ ಅಂಕ ಶೂದಲ್ಲಪ್ಪ, ನಂದು.” ಅಷ್ಟಕ್ಕೇ ಬಿಡದೆ, ಸೊಂಟದ ಮೇಲೆ ಕೈಯಿಟ್ಟರು. “ಅಲ್ಲಾ, ಒಂಬತ್ತು ಯಾಕೆ? ಆ ಇನ್ನೊಂದು ಎಲ್ಲಿ ಹೋಯ್ತು?”

ಅವನಿಗೆ ನಗು ಬರಲಿಲ್ಲ. ಕಾಗದವನ್ನು ಮೇಲಿನಿಂದ ಮತ್ತೆ ಓದಿದ. ವರದಿಯಲ್ಲಿ ದಿನಾಂಕವಿತ್ತು, ಗಂಟೆಯಿತ್ತು, ಲೇಸ್ ಎಷ್ಟು ಬಿಗಿದಿದ್ದೆ ಎನ್ನುವುದೂ ಇತ್ತು. ನೆಲದ ಬಗ್ಗೆ ಒಂದಕ್ಷರ ಇರಲಿಲ್ಲ. ಏನು ನೋಡಿದಿರಿ ಎನ್ನುವುದರ ಜೊತೆಗೆ ಎಲ್ಲಿ ನೋಡಿದಿರಿ ಎನ್ನುವುದನ್ನೂ ಬರೆಯಿರಿ ಎಂದು, ಈ ಕೆಲಸ ಕಲಿಯಲು ಅವನು ಹೋಗುತ್ತಿದ್ದ ಸಂಜೆ ತರಗತಿಯ ಮೇಷ್ಟ್ರು ಬಡಿದುಕೊಂಡಿದ್ದರು. ತಂಗಿ ಆಡುವ ಅಂಗಣದ ಬಾಗಿಲು ತೆರೆಯುವುದೇ ಬೀದಿಗೆ. ಅಲ್ಲಿ ಒಂದು ಆಟ ಮುಗಿಯುವಷ್ಟರಲ್ಲಿ ಧೂಳಿಗೆ ಬಿಳಿ ಗೆರೆ ಬೂದಿ ಬಣ್ಣಕ್ಕೆ ತಿರುಗಿರುತ್ತದೆ.

“ಅಕ್ಕ, ಇವತ್ತು ಅರ್ಧ ಮಾತ್ರ ಒರೆಸ್ತೀರಾ?”

“ಅರ್ಧ ಒರೆಸಿದ ನೆಲ, ಅರ್ಧ ಬೋಳಿಸಿದ ತಲೆ, ಎರಡೂ ಒಂದೇ. ನೋಡಿದವರು ನನಗೆ ಬೈತಾರೆ.”

“ಬೈದ್ರೆ ನನ್ನ ಹೆಸರು ಹೇಳಿ.”

“ಹೇಳ್ದೆ ಬಿಡ್ತೀನಾ?” ಎನ್ನುತ್ತಲೇ ನಡುಗೆರೆಯವರೆಗೆ ಒರೆಸಿ ಕೋಲನ್ನು ಗೋಡೆಗೆ ಒರಗಿಸಿದರು. ಆಚೆಯರ್ಧದಲ್ಲಿ ಹಿಂದಿನ ಸಂಜೆ ಪ್ಯಾಕಿಂಗ್ ವಿಭಾಗದವರು ಆಡಿಹೋದ ಧೂಳೂ ರಟ್ಟಿನ ಹೊಟ್ಟೂ ಹಾಗೇ ಇದ್ದವು.

ಒರೆಸಿದ ಅರ್ಧದಲ್ಲಿ ಓಡಿಬಂದು ನಿಂತ. ಶೂ ಕೀಚ್ ಎಂದು ಕೂಗಿ ಗೆರೆಯ ಮೇಲೇ ನಿಂತಿತು. ಆಚೆಗೆ ಹೋಗಿ ಹಾಗೇ ಓಡಿಬಂದ. ಈ ಸಲ ಸದ್ದೇ ಇಲ್ಲ. ಕಾಲು ಗೆರೆ ದಾಟಿ ಹೋಯಿತು. ಅಕ್ಕ ಬಗ್ಗಿ ಕೈಯಗಲಿಸಿ ಅಳೆದರು. “ಒಂದು ಗೇಣು, ಮೇಲೆ ನಾಲ್ಕು ಬೆರಳು.”

ಒಮ್ಮೆ ಜಾರಿದ್ದನ್ನು ನಂಬುವ ಜಾಯಮಾನ ಅವನದಲ್ಲ. ಹತ್ತು ಸಲ ಓಡಿದ. ಅಟ್ಟೆಯನ್ನು ಅಂಗೈಯಿಂದ ಉಜ್ಜಿ ಓಡಿದರೆ ಎರಡು ಸಲ ನಿಲ್ಲುತ್ತಿತ್ತು, ಮೂರನೆಯ ಸಲ ಮತ್ತೆ ಜಾರುತ್ತಿತ್ತು. ಕಪಾಟಿನಿಂದ ಹಳೆಯ ಕಪ್ಪು ಮಾದರಿಯನ್ನು ತೆಗೆದು ಹಾಕಿಕೊಂಡು ಓಡಿದ. ಅದು ಜಾರಿದ್ದು ಎರಡೇ ಬೆರಳು. ನೀಲಿ ಶೂವನ್ನು ಮಗುಚಿ ನೋಡಿದರೆ ಅಟ್ಟೆಯ ಗೀರುಗಳು ಕೂದಲೆಳೆಯಷ್ಟು ಸಣ್ಣ. ಅವುಗಳ ತುಂಬ ಧೂಳು ಮೆತ್ತಿಕೊಂಡು ಅಟ್ಟೆಯೇ ನುಣ್ಣಗಾಗಿತ್ತು.

ಒಂಬತ್ತನ್ನು ಹೊಡೆದು ನಾಲ್ಕು ಎಂದು ಬರೆದ. ಕಾಗದ ಹಿಡಿದು ಮ್ಯಾನೇಜರ್ ಕೋಣೆಗೆ ಹೋದ.

“ಮೂರು ವಾರ ಒಂಬತ್ತು, ಕೊನೇ ದಿನ ನಾಲ್ಕಾ?” ಮ್ಯಾನೇಜರ್ ಕನ್ನಡಕ ತೆಗೆದರು. “ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ.”

“ನೆಲ ಡೊಂಕಿಲ್ಲ ಸಾರ್. ತೀರಾ ಚೆನ್ನಾಗಿದೆ, ಅದೇ ತೊಂದರೆ. ಒರೆಸಿದ ನೆಲದ ಮೇಲೆ ಮಾತ್ರ ಓಡಿದ್ದು ನನ್ನ ತಪ್ಪು. ಒರೆಸೋ ಅಕ್ಕ ಹೇಳೋವರೆಗೂ ನನಗೆ ಹೊಳೀಲಿಲ್ಲ. ಬೇಕಿದ್ರೆ ನನ್ನನ್ನು ಈ ಕೆಲಸದಿಂದ ತೆಗೀರಿ. ಈ ಶೂ ಮಾತ್ರ ಭಾನುವಾರ ಯಾರ ಕಾಲಿಗೂ ಹೋಗೋದು ಬೇಡ.”

ಮ್ಯಾನೇಜರ್ ಕನ್ನಡಕವನ್ನು ಮತ್ತೆ ಹಾಕಿಕೊಂಡರು. “ಆದ್ರೂ?”

“ಆದ್ರೂ ಏನಿಲ್ಲ ಸಾರ್.”

ಅವರು ಎದ್ದೇಬಿಟ್ಟರು. ಅಂಗಣಕ್ಕೆ ಬಂದು, ನೀಲಿ ಶೂ ಹಾಕಿಕೊಂಡು, ಒರೆಸದ ಅರ್ಧದಲ್ಲಿ ನಾಲ್ಕು ಹೆಜ್ಜೆ ಓಡಿ ನಿಲ್ಲಲು ಹೋದರು. ಅಕ್ಕ ಕೋಲು ಅಡ್ಡ ಹಿಡಿಯದಿದ್ದರೆ ಗೋಡೆಯೇ ಹಿಡಿಯಬೇಕಿತ್ತು.

“ನಾಲ್ಕು ಜಾಸ್ತಿಯಾಯ್ತು,” ಎಂದರು ಮ್ಯಾನೇಜರ್, ಕೋಲನ್ನು ಬಿಡದೆ. “ಗೀರು ಅಗಲ ಮಾಡಿಸೋಣ, ತಿಂಗಳು ಹಿಡೀಲಿ. ತಂಡಕ್ಕೆ ಹಳೇ ಮಾದರಿ ಕಳಿಸಿ. ನಿಮ್ಮ ಕಾಗದದಲ್ಲಿ ನೆಲಕ್ಕೊಂದು ಸಾಲು ಹಾಕಿ. ಅದನ್ನ ಇವರೇ ತುಂಬಲಿ.”

ಭಾನುವಾರ ತಂಗಿ ಕಪ್ಪು ಶೂ ಹಾಕಿಕೊಂಡು ಆಡಿದಳು. ಧೂಳು ಹಿಡಿದ ಆ ನೆಲದ ಮೇಲೆ ಅವಳು ಓಡಿಬಂದು ನಿಂತಾಗಲೆಲ್ಲ ಕೀಚ್ ಎಂಬ ಸದ್ದಿಗೆ ಕಿವಿಗೊಟ್ಟು ಕೂತಿದ್ದ. ಕೇಳಿಸಿದ ಮೇಲೆಯೇ ಉಸಿರು. ಪಂದ್ಯ ಸೋತರು. ಅವಳು ಮಾತ್ರ ಎರಡೂ ಕಾಲಿನ ಮೇಲೆ ಮನೆಗೆ ನಡೆದುಕೊಂಡು ಬಂದು, ವಿಷಯವೆಲ್ಲ ಕೇಳಿ, “ಆ ಅಕ್ಕನಿಗೆ ನನ್ನ ಎರಡು ಕಾಲಿನ ಪರವಾಗಿ ಥ್ಯಾಂಕ್ಸ್ ಹೇಳು,” ಎಂದಳು.

ಸೋಮವಾರ ಅವನು ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ. ಅಕ್ಕನ ಮುಖ ಕಂಡಾಗ ಅದೆಲ್ಲ ಬಿಟ್ಟು ತಂಗಿಯ ಮಾತನ್ನಷ್ಟೇ ಒಪ್ಪಿಸಿದ. ಆ ದಿನವೂ ಅರ್ಧವಷ್ಟೇ ಒರೆಸಿದ ನೆಲದ ಮೇಲೆ ಪರೀಕ್ಷೆಯ ಓಡಾಟ ಮುಗಿದ ಮೇಲೆ, ಅವರು ಬೇಡವೆಂದರೂ ಕೇಳದೆ, ಕೋಲು ತೆಗೆದುಕೊಂಡು ಉಳಿದ ಅರ್ಧವನ್ನು ತಾನೇ ಒರೆಸಿದ.

ಅಕ್ಕ ಬೆಂಚಿನ ಮೇಲೆ ಕೂತು ಕಾಗದದ ಹೊಸ ಸಾಲಿನಲ್ಲಿ ದುಂಡಗೆ ಬರೆದರು: ಈ ಕಡೆ ಒರೆಸಿದ್ದು, ಆ ಕಡೆ ಧೂಳು. ಆಮೇಲೆ ತಲೆಯೆತ್ತಿ ಅವನು ಒರೆಸಿದ ನೆಲವನ್ನು ನೋಡಿದರು.

“ಹೇಗಿದೆ ಅಕ್ಕ?”

“ಚೆನ್ನಾಗಿದೆ, ಆದ್ರೂ...” ಎಂದು ಮೂಲೆಗೆ ಬೆರಳು ತೋರಿಸಿದರು. “ಹತ್ತರಲ್ಲಿ ಆರು.”

ಅವನು ಬಕೆಟ್ಟನ್ನು ಎತ್ತಿಕೊಂಡು ಮೂಲೆಯತ್ತ ನಡೆದ.