ದೋಣಿಮನೆಯ ಚಾವಣಿ

ಮಹಾಲಕ್ಷ್ಮಿ ಲೇಔಟಿನ ಸೈಟುಗಳಲ್ಲಿ ಎಲ್ಲರೂ ಮನೆ ಕಟ್ಟಿದರೆ ವೆಂಕಟಸ್ವಾಮಿಯವರು ಹಾಯಿದೋಣಿ ಕಟ್ಟಿದರು. ಯಾವಾಗಲೋ ಕಾರ್ಖಾನೆಯ ಕೆಲಸಕ್ಕೆಂದು ಕಾರವಾರದಲ್ಲಿ ಮೂರು ತಿಂಗಳಿದ್ದಾಗ ಹಿಡಿದ ಹುಚ್ಚು, ರಿಟೈರಾದರೂ ಬಿಟ್ಟಿರಲಿಲ್ಲ. ಹೊಸಹಳ್ಳಿಯ ಬಾಡಿಗೆ ಮನೆ ಖಾಲಿ ಮಾಡಿ, ದೋಣಿಯನ್ನು ಲಾರಿಯಲ್ಲಿ ಕಾರವಾರಕ್ಕೆ ಸಾಗಿಸಿ, ಗಂಡ ಹೆಂಡತಿ ಕೊನೆತನಕ ಅದರಲ್ಲೇ ಇರುವುದೆಂದು ತೀರ್ಮಾನ. ಎಂಬತ್ತಾರರ ಯುಗಾದಿಗೆ ದೋಣಿ ಸಿದ್ಧವಾಯಿತು. ನೀರಿಗಿಳಿಸುವ ಮುಂಚೆ ಒಂದು ತಿಂಗಳು ಸೈಟಿನಲ್ಲೇ ಅದರೊಳಗೆ ಇದ್ದು ನೋಡೋಣ ಎಂದರು.

ಹೆಂಡತಿ ನರಸಮ್ಮನವರು ಬೇಡವೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೇ ಹೆಚ್ಚು ಆಸೆ. ಮೂವತ್ತನಾಲ್ಕು ವರ್ಷ ಗಂಡನಿಗೆ ಮೂರು ಪಾಳಿಯ ಕೆಲಸ. ಒಬ್ಬರು ಎದ್ದರೆ ಒಬ್ಬರು ಮಲಗುವ ಸಂಸಾರ. ಈಗ ಕೈ ಚಾಚಿದರೆ ಗಂಡ ಸಿಗುತ್ತಿದ್ದರು. ಏಣಿಯ ಬುಡದಲ್ಲಿ ರಂಗೋಲಿ ಹಾಕಿ, ಮೇಲೆ ಹತ್ತಿ ಕಾಫಿ ಸೋಸುವಾಗ ಅವರಿಗೆ ಹೊಸದಾಗಿ ಮದುವೆಯಾದಂತೆ ನಾಚಿಕೆಯಾಗುತ್ತಿತ್ತು.

ತೊಂದರೆಯಿದ್ದುದು ಚಾವಣಿಯಲ್ಲಿ. ಕಾರ್ಖಾನೆಯಲ್ಲಿ ಲೋಹದ ಎರಕಕ್ಕೆ ಮರದ ಮಾದರಿ ಮಾಡಿಕೊಡುತ್ತಿದ್ದ ವೆಂಕಟಸ್ವಾಮಿಯವರು ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪದ ಆಸಾಮಿ. ತಮ್ಮ ತಲೆಯ ಮೇಲೆ ಸರಿಯಾಗಿ ಒಂದಿಂಚು ಬಿಟ್ಟು ಚಾವಣಿ ಹೊದಿಸಿದ್ದರು. ನರಸಮ್ಮನವರು ಗಂಡನಿಗಿಂತ ಮೂರಿಂಚು ಎತ್ತರ. ಧಾರೆಯ ಹೊತ್ತಿಗೆ ಅತ್ತೆ ರಾಮಕ್ಕ ಕಿವಿಯಲ್ಲಿ, ಸ್ವಲ್ಪ ಬಗ್ಗಿ ನಿಂತುಕೋ ಎಂದಿದ್ದರು. ಎಷ್ಟು ದಿನ ಎಂದು ಅವರು ಹೇಳಲಿಲ್ಲ, ಸೊಸೆ ಕೇಳಲಿಲ್ಲ. ಅಂದು ಬಗ್ಗಿದ ಕತ್ತು ಗಂಡನೆದುರು ಮತ್ತೆ ನೆಟ್ಟಗಾಗಲಿಲ್ಲ, ಆ ಮಾತು ಮನೆಯಲ್ಲಿ ಎಂದೂ ಏಳಲಿಲ್ಲ. ದೋಣಿಯಲ್ಲಿ ಗಂಡ ಎದುರಿಗಿರಲಿ ಬಿಡಲಿ, ದಿನವಿಡೀ ಬಗ್ಗಿಯೇ ಇರಬೇಕಾಯಿತು.

ಮೂರನೆಯ ವಾರಕ್ಕೆ ನರಸಮ್ಮನವರ ಕತ್ತು ಹಿಡಿದುಕೊಂಡಿತು. ಒಲೆಯ ಮುಂದೆ ಕುಗ್ಗಿ ನಿಂತವರನ್ನು ಗಂಡ ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಬೆಳಿಗ್ಗೆ ಲಾರಿಯ ಮುನಿರಾಜುವಿಗೆ ಬರಬೇಡವೆಂದು ಹೇಳಿ ಬಂದು, ಏಣಿಯ ಕೆಳಗೆ ನಿಂತರು.

"ನಿನ್ ಬೆನ್ನು ಬಗ್ಗೋಯ್ತು ಕಣೇ. ಈ ಸ್ಥಿತೀಲಿ ನಿನ್ನ ನೀರ್ ಮೇಲೆ ಕರ್ಕೊಂಡ್ ಹೋದ್ರೆ ನಂಗೆ ಪಾಪ ಬರುತ್ತೆ. ದೋಣಿ ಯಾರಿಗಾದ್ರೂ ಕೊಟ್ಬಿಡ್ತೀನಿ."

ಇಷ್ಟು ಹೇಳಿ ದೋಣಿಯ ಪಕ್ಕೆಯನ್ನು ಸವರಿದರು. ನರಸಮ್ಮನವರು ಏಣಿಯ ತುದಿಯಲ್ಲೇ ನಿಂತು ಲೆಕ್ಕ ಹಾಕಿದರು. ಸುಮ್ಮನಿದ್ದರೆ ಈ ಮನುಷ್ಯನ ಜೀವಮಾನದ ಆಸೆ ಮಣ್ಣಾಗುತ್ತದೆ, ತನ್ನದೂ ಆಗುತ್ತದೆ. ಬಾಯಿಬಿಟ್ಟರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದ ಗಂಡನ ಮರ್ಯಾದೆ ಬೀದಿಗೆ ಬರುತ್ತದೆ. ಬೀದಿಯಾದರೂ ಖಾಲಿಯಿತ್ತೇ? ಎದುರುಮನೆ ಕಮಲಾಕ್ಷಮ್ಮ ಕಾಂಪೌಂಡಿಗೆ ಒರಗಿ ನಿಂತೇ ಇದ್ದರು.

ನರಸಮ್ಮನವರು ಏಣಿಯಿಳಿದು ಗಂಡನ ಎದುರು ನಿಂತರು. ಕತ್ತನ್ನು ಮೆಲ್ಲಗೆ, ನೋವು ನುಂಗುತ್ತ, ನೆಟ್ಟಗೆ ಮಾಡಿದರು. ವೆಂಕಟಸ್ವಾಮಿಯವರು ಮುಖ ಎತ್ತಿ ನೋಡಬೇಕಾಯಿತು.

"ಬೆನ್ನು ಬಗ್ಗಿಲ್ಲ ರೀ. ನಾನೇ ಬಗ್ಗಿಸ್ಕೊಂಡಿದ್ದೆ."

ವೆಂಕಟಸ್ವಾಮಿಯವರು ಒಮ್ಮೆ ದೋಣಿಯ ಚಾವಣಿಯನ್ನೂ ಒಮ್ಮೆ ಹೆಂಡತಿಯ ತಲೆಯನ್ನೂ ನೋಡಿದರು.

"ನೀನ್ ಎತ್ತರ ಅನ್ನೋದ್ನ ಧಾರೆ ದಿನಾನೇ ನೋಡಿದ್ದೆ," ಎಂದರು. "ಆಮೇಲೆ ಮರ್ತೇಬಿಟ್ಟೆ."

ಒಳಗಿಂದ ಅಳತೆಯ ಟೇಪು ತಂದರು. ತುದಿಯನ್ನು ಕಾಲಿನಲ್ಲಿ ಮೆಟ್ಟಿ ಹಿಡಿಯುವಂತೆ ಹೆಂಡತಿಗೆ ಹೇಳಿ, ಅಂಕಿ ಸರಿಯಾಗಿ ಕಾಣಲೆಂದು, ಕಮಲಾಕ್ಷಮ್ಮ ನೋಡುತ್ತಿದ್ದಂತೆಯೇ ಒಂದು ಇಟ್ಟಿಗೆಯ ಮೇಲೆ ಹತ್ತಿ ನಿಂತರು. ಅವರ ಕೈ ತಲೆಯ ಹತ್ತಿರ ಬಂದ ಕೂಡಲೇ ನರಸಮ್ಮನವರ ಕತ್ತು ತನ್ನಷ್ಟಕ್ಕೆ ತಗ್ಗಿತು.

"ಬಗ್ಗಬೇಡ ಕಣೇ," ಎಂದರು ವೆಂಕಟಸ್ವಾಮಿ.